ಬೀಗದ ಕೈ ಸಿಕ್ಕ ಮೇಲೆ ಪೋಸ್ಟಿಂಗ್ ಕೊಡಿ: ವಾಯುಪಡೆಯ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಾಯುಪಡೆಯ ಮುಖ್ಯಸ್ಥರಿಗೆ,

ನಮಸ್ಕಾರ ಸರ್. ನಾನು ಹಾಸನ ಜಿಲ್ಲೆಯವಳು. ನಮ್ಮ ಮನೆಯವರು ನಿಮ್ಮ ಪಡೆಯಲ್ಲಿ ಸಾರ್ಜೆಂಟ್. ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿ ರಿಪೇರಿ ಮಾಡುವ ಕೆಲಸ. 2008ರಲ್ಲಿ ಸೇರಿದವರು. ನಮಗೆ ಇಬ್ಬರು ಮಕ್ಕಳು. ಮಗಳು ಆರನೇ ಕ್ಲಾಸು, ಮಗ ಈಗಷ್ಟೇ ಒಂದನೇ ಕ್ಲಾಸು.

ನನಗೆ ಹಿಂದಿ ಬರುತ್ತದೆ. ಹನ್ನೆರಡು ವರ್ಷದಿಂದ ಕ್ಯಾಂಪಿನಲ್ಲೇ ಸಂಸಾರ ಮಾಡಿದವಳಿಗೆ ಬರದೇ ಇರುತ್ತದೆಯೇ? ಆದರೆ ಕಷ್ಟ ಹೇಳಿಕೊಳ್ಳುವಾಗ ಬಾಯಿಗೆ ಬರುವುದು ಕನ್ನಡವೇ. ನಿಮ್ಮ ಟ್ರೈನಿಂಗ್ ಕಮಾಂಡಿನ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ನಮ್ಮ ಮನೆಯವರೂ ಸೇರಿ ಎಷ್ಟೋ ಸಾವಿರ ಹುಡುಗರು ಮೊದಲ ಸಲ ಬೂಟು ಕಟ್ಟಿದ್ದು ಬೆಳಗಾವಿಯ ಸಾಂಬ್ರಾದಲ್ಲಿ. ಜಾಲಹಳ್ಳಿ, ಯಲಹಂಕ, ಬೀದರ್, ಎಲ್ಲಾ ಕಡೆ ನಿಮ್ಮವರಿದ್ದಾರೆ. ಈ ಪತ್ರ ಓದಿ ನಿಮಗೆ ಹೇಳುವವರು ಸಿಕ್ಕೇ ಸಿಗುತ್ತಾರೆ ಅಂತ ನಂಬಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಕಪ್ಪು ಟ್ರಂಕು ಇದೆ. ಆಫೀಸರ್ ಅಲ್ಲದ ವಾಯುಪಡೆಯವರನ್ನು ಏರ್‌ಮೆನ್ ಅನ್ನುತ್ತಾರೆ, ಅವರೆಲ್ಲರ ಮನೆಯಲ್ಲೂ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಸರ್ವಿಸ್ ನಂಬರು, ರ‍್ಯಾಂಕು, ಹೆಸರು, ಹೋಗಬೇಕಾದ ಊರು. ಪ್ರತಿ ಪೋಸ್ಟಿಂಗಿಗೂ ಹಳೇ ಊರಿನ ಮೇಲೆ ಕಪ್ಪು ಬಳಿದು ಹೊಸ ಊರು ಬರೆಯುತ್ತೇವೆ. ರ‍್ಯಾಂಕು ಎಲ್‌ಎಸಿ, ಅಂದರೆ ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್‌ನಿಂದ ಕಾರ್ಪೊರಲ್ ಆಯಿತು, ಕಾರ್ಪೊರಲ್‌ನಿಂದ ಸಾರ್ಜೆಂಟ್ ಆಯಿತು. ಬಣ್ಣ ಎಷ್ಟು ದಪ್ಪ ಕೂತಿದೆ ಅಂದರೆ ಬೆರಳಾಡಿಸಿದರೆ ಕೆಳಗಿನ ಹಳೇ ಅಕ್ಷರ ಕೈಗೆ ಸಿಗುತ್ತವೆ. ಮಗಳು ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಕೊಂಡು ಅದನ್ನು ತಡವಿ ಊರ ಹೆಸರು ಹೇಳುವ ಆಟ ಆಡುತ್ತಿದ್ದಳು. ಈಗ ಆಡುವುದಿಲ್ಲ.

ಊರೂರು ತಿರುಗುವುದರ ಬಗ್ಗೆ ನನ್ನ ದೂರಿಲ್ಲ ಸರ್. ಅದು ಗೊತ್ತಿದ್ದೇ ಮದುವೆಯಾದವಳು ನಾನು. ದೇಶದ ನಾಲ್ಕು ಮೂಲೆ ನೋಡಿದೆ. ಅಸ್ಸಾಮಿನ ಮಳೆ ನೋಡಿದೆ, ಮರುಭೂಮಿಯ ಬಿಸಿಲು ನೋಡಿದೆ. ಒಳ್ಳೆಯ ಜನ ಸಿಕ್ಕಿದರು. ನನ್ನ ಮಗ ಹುಟ್ಟಿದಾಗ ಊರಿಂದ ಅಮ್ಮ ಬರುವುದು ಆರು ದಿನ ತಡವಾಯಿತು. ಆ ಆರು ದಿನವೂ ಬಾಣಂತಿ ಊಟ ಕೊಟ್ಟು ಮಗುವಿಗೆ ನೀರು ಹಾಕಿದವರು ಎದುರು ಮನೆಯ ಒಡಿಶಾದ ಅಕ್ಕ. ಆ ಋಣ ತೀರುವಂಥದ್ದಲ್ಲ.

ನನ್ನ ಮಾತಿರುವುದು ಪೋಸ್ಟಿಂಗ್ ಆರ್ಡರಿಗೂ ಹೊಸ ಮನೆಯ ಬೀಗದ ಕೈಗೂ ನಡುವಿನ ತಿಂಗಳುಗಳ ಬಗ್ಗೆ. ಏರ್‌ಮೆನ್ ಸಂಸಾರಗಳು ಜಾಸ್ತಿ ನಲುಗುವುದು ಅಲ್ಲೇ.

ಹೋದ ಸಲದ್ದು ಹೇಳುತ್ತೇನೆ. 2024ರಲ್ಲಿ ಆರ್ಡರ್ ಬಂದದ್ದು ಮಳೆಗಾಲದಲ್ಲಿ. ಶಾಲೆ ಶುರುವಾಗಿ ನಾಲ್ಕು ತಿಂಗಳು ಕಳೆದಿತ್ತು. ಇರುವ ಕ್ವಾರ್ಟರ್ಸ್ ಬಿಡಬೇಕು, ಹೊಸ ಊರಲ್ಲಿ ಕ್ವಾರ್ಟರ್ಸಿಗೆ ವೇಟಿಂಗ್ ಲಿಸ್ಟು. ಹತ್ತು, ಹನ್ನೆರಡನೇ ಕ್ಲಾಸಿನ ಮಕ್ಕಳಿದ್ದರೆ ಹಳೇ ಮನೆಯನ್ನು ಇನ್ನಷ್ಟು ದಿನ ಇಟ್ಟುಕೊಳ್ಳಲು ಅವಕಾಶ ಕೊಡುತ್ತಾರೆ. ನಮ್ಮವಳು ಐದನೇ ಕ್ಲಾಸು. ಮಾರ್ಚಿಂಗ್ ಔಟ್, ಅಂದರೆ ಮನೆ ವಾಪಸ್ಸು ಒಪ್ಪಿಸುವ ದಿನ ಬಂದವರು ಫ್ಯಾನು, ನಲ್ಲಿ, ಕಿಟಕಿ ಗಾಜು ಎಲ್ಲಾ ಎಣಿಸಿ ಬರೆದುಕೊಂಡರು. ನಾನು ಹಿಂದಿನ ದಿನವಿಡೀ ಅಡುಗೆಮನೆ ಟೈಲ್ಸ್ ಉಜ್ಜಿದ್ದೆ. ಸಹಿ ಹಾಕಿ ಬೀಗದ ಕೈ ಕೊಟ್ಟು ಹೊರಗೆ ಬಂದು ನಿಂತಾಗ ನಮಗೆ ಇಡೀ ದೇಶದಲ್ಲಿ ಎಲ್ಲೂ ಮನೆಯಿರಲಿಲ್ಲ. ಸಾಮಾನು ಲಾರಿಯಲ್ಲಿ, ನಾವು ರೈಲಿನಲ್ಲಿ.

ಹೊಸ ಊರಲ್ಲಿ ಕ್ಯಾಂಪಿನ ಹೊರಗೆ ಬಾಡಿಗೆಗೆ ಒಂದು ರೂಮು ಸಿಕ್ಕಿತು. ಓನರ್‌ಗೆ ಗೊತ್ತು, ಇವರು ಇಂದಲ್ಲ ನಾಳೆ ಕ್ವಾರ್ಟರ್ಸಿಗೆ ಹೋಗುವವರು ಅಂತ. ಅದಕ್ಕೇ ಬಾಡಿಗೆ ಜಾಸ್ತಿ. ಅಡುಗೆ, ಊಟ, ಓದು, ನಿದ್ದೆ ಎಲ್ಲಾ ಒಂದೇ ರೂಮಿನಲ್ಲಿ. ಮೂಲೆಯಲ್ಲಿ ಟ್ರಂಕು, ಅದರ ಮೇಲೆ ಗ್ಯಾಸ್ ಸ್ಟೌ. ಅತ್ತೆ ಕಟ್ಟಿ ಕಳಿಸಿದ್ದ ರಾಗಿ ಹಿಟ್ಟು ಸೆಕೆಗೆ ಹುಳ ಹಿಡಿಯಿತು.

ಶಾಲೆಯದ್ದು ಇದಕ್ಕಿಂತ ಕಷ್ಟ. ಕೇಂದ್ರೀಯ ವಿದ್ಯಾಲಯಗಳನ್ನು 1963ರಲ್ಲಿ ಶುರು ಮಾಡಿದ್ದೇ ನಮ್ಮಂಥ ವರ್ಗಾವಣೆಯ ಮಕ್ಕಳಿಗಾಗಿ. ಎಲ್ಲೇ ಹೋದರೂ ಒಂದೇ ಸಿಲಬಸ್. ಆ ಶಾಲೆಗಳ ಬಗ್ಗೆ ನನಗೆ ನಿಜವಾಗಿ ಗೌರವ ಇದೆ, ಅವಿಲ್ಲದಿದ್ದರೆ ನಮ್ಮ ಗತಿ ಊಹಿಸೋಕೂ ಆಗುವುದಿಲ್ಲ. ಆದರೆ ನಮ್ಮವಳು ಅದುವರೆಗೆ ಓದುತ್ತಿದ್ದದ್ದು ಬೇರೆ ಶಾಲೆಯಲ್ಲಿ, ಯಾಕೆಂದರೆ ಅದರ ಹಿಂದಿನ ಪೋಸ್ಟಿಂಗಿನಲ್ಲೂ ಹೀಗೇ ವರ್ಷದ ನಡುವೆ ಬಂದು ಸೀಟು ಸಿಕ್ಕಿರಲಿಲ್ಲ. ಈ ಸಲವೂ ಕ್ಲಾಸು ತುಂಬಿತ್ತು. ಕೊನೆಗೆ ಒಂದು ಖಾಸಗಿ ಶಾಲೆ ಸೇರಿಸಿಕೊಂಡಿತು. ಅಷ್ಟರೊಳಗೆ ಅವಳು ಐದು ವಾರ ಆ ಒಂದು ರೂಮಿನಲ್ಲಿ ಕೂತಿದ್ದಳು. ಶಾಲೆಯವರು ಇಡೀ ವರ್ಷದ ಅಡ್ಮಿಷನ್ ಫೀಸು ತೆಗೆದುಕೊಂಡರು. ಯೂನಿಫಾರ್ಮ್ ಹೊಸದು, ಪುಸ್ತಕ ಹೊಸದು, ಶೂ ಕೂಡ ಬೇರೆ ಬಣ್ಣ. ಮಕ್ಕಳ ಓದಿಗೆ ಕೇಂದ್ರ ಸರ್ಕಾರ ಕೊಡುವ ಭತ್ಯೆ 2024ರ ಜನವರಿಯಿಂದ ಒಂದು ಮಗುವಿಗೆ ತಿಂಗಳಿಗೆ 2,812 ರೂಪಾಯಿ 50 ಪೈಸೆ. ಬರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಎರಡು ಶಾಲೆಗೆ ಫೀಸು ಕಟ್ಟುವ ಮನೆಗೆ ಅದು ಎಲ್ಲಿ ಸಾಲುತ್ತದೆ?

ದುಡ್ಡು ಹೇಗೋ ಆಗುತ್ತದೆ ಸರ್. ಮಗಳು ಆ ಶಾಲೆಯಲ್ಲಿ ಮೊದಲ ಎರಡು ತಿಂಗಳು ಯಾರ ಜೊತೆಗೂ ಮಾತಾಡಲಿಲ್ಲ. ಫ್ರೆಂಡ್ಸ್ ಮಾಡಿಕೋ ಪುಟ್ಟಿ ಅಂದರೆ, "ಯಾಕಮ್ಮ, ಆಮೇಲೆ ಹೋಗ್ಬೇಕಲ್ವಾ" ಅಂದಳು. ಹತ್ತು ವರ್ಷದ ಮಗು.

ನಮ್ಮ ಮನೆಯವರ ಕೆಲಸದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಅಡುಗೆಮನೆಯಿಂದ ಅದು ಹೇಗೆ ಕಾಣುತ್ತದೆ ಅಂತ ಒಂದು ಮಾತು. ನೈಟ್ ಫ್ಲೈಯಿಂಗ್ ಇದ್ದ ವಾರ ಅವರು ನಡುರಾತ್ರಿ ಕಳೆದ ಮೇಲೆ ಬರುತ್ತಾರೆ. ಕೈ ಎಷ್ಟು ತೊಳೆದರೂ ಎಣ್ಣೆಯ ವಾಸನೆ ಹೋಗುವುದಿಲ್ಲ. ಬೆಳಿಗ್ಗೆ ನಾನು ಕುಕ್ಕರ್ ಕೂಗಿಸುವುದಿಲ್ಲ, ಅವರಿಗೆ ಎಚ್ಚರವಾಗುತ್ತದೆ ಅಂತ. ಕ್ವಾರ್ಟರ್ಸಿನಲ್ಲಿದ್ದರೆ ಒಳಗಿನ ರೂಮಿನ ಬಾಗಿಲು ಹಾಕಿದರೆ ಆಯಿತು. ಒಂದೇ ರೂಮಿನ ಮನೆಯಲ್ಲಿ ಐದು ವರ್ಷದ ಹುಡುಗನನ್ನು ಎಷ್ಟು ಹೊತ್ತು ಸುಮ್ಮನಿರಿಸಲಿ? ಅವನನ್ನು ಎತ್ತಿಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ಸುಮ್ನೆ ಸುತ್ತುತ್ತಿದ್ದೆ.

ಅವರು ವಿಮಾನ ನೋಡಿ ಫಾರ್ಮ್ 700 ಅನ್ನುವ ತಪಾಸಣೆಯ ದಾಖಲೆಯಲ್ಲಿ ಸಹಿ ಹಾಕುತ್ತಾರೆ. ಆ ಸಹಿಯನ್ನು ನಂಬಿ ಒಬ್ಬ ಪೈಲಟ್ ಏಣಿ ಹತ್ತುತ್ತಾನೆ. ಪೈಲಟ್‌ಗಳ ನಿದ್ದೆ, ಆಯಾಸ, ಉಸಿರಾಟದ ಬಗ್ಗೆ ನೋಡಿಕೊಳ್ಳೋಕೆ ಬೆಂಗಳೂರಿನಲ್ಲಿ ನಿಮ್ಮದೇ ವೈದ್ಯಕೀಯ ಸಂಸ್ಥೆ ಇದೆ. ತುಂಬಾ ಒಳ್ಳೆಯದು. ಕೆಳಗೆ ನಿಂತು ಸಹಿ ಹಾಕುವವನ ನಿದ್ದೆಯೂ ಅಷ್ಟೇ ಮುಖ್ಯ ಅಲ್ವಾ ಸರ್? ಅವನ ತಲೆಯಲ್ಲಿ ಮಗಳ ಶಾಲೆ, ಬಾಡಿಗೆ ಮನೆಯ ನೀರು, ಹೆಂಡತಿಯ ಅಳು ಇದ್ದರೆ ಅದು ಬರೀ ನಮ್ಮ ಮನೆಯ ವಿಷಯವಾಗಿ ಉಳಿಯುವುದಿಲ್ಲ. ವಾಯುಪಡೆಯವರ ಮನೆಯನ್ನು ವೆಲ್ಫೇರ್ ಅನ್ನುವ ಫೈಲಿನಲ್ಲಿ ಇಡಬೇಡಿ ಅಂತ ನಾನು ಕೇಳುವುದು ಅದಕ್ಕೇ. ಅದು ಸೇರಬೇಕಾದ್ದು ಹಾರಾಟದ ಸುರಕ್ಷತೆಯ ಫೈಲಿಗೆ.

ನನ್ನದೂ ಒಂದು ಕೆಲಸ ಇತ್ತು. ನಾನು ಹಾಸನದಲ್ಲಿ ಜಿಎನ್‌ಎಂ ನರ್ಸಿಂಗ್ ಓದಿದವಳು. ಮದುವೆಗೆ ಮುಂಚೆ ಎರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ, ಹೆರಿಗೆ ವಾರ್ಡಿನಲ್ಲಿ. ನರ್ಸಿಂಗಿನಲ್ಲಿ ಒಂದು ರಾಜ್ಯದ ರಿಜಿಸ್ಟ್ರೇಶನ್ ಇಟ್ಟುಕೊಂಡು ಇನ್ನೊಂದು ರಾಜ್ಯದಲ್ಲಿ ಕೆಲಸಕ್ಕೆ ಸೇರಬೇಕೆಂದರೆ ಮೊದಲು ಅಲ್ಲಿನ ಕೌನ್ಸಿಲಿನಲ್ಲಿ ಹೆಸರು ಸೇರಿಸಬೇಕು. ಹಳೇ ರಾಜ್ಯದಿಂದ ಎನ್‌ಒಸಿ ತರಿಸಬೇಕು. ಒಂದು ಕಡೆ ಈ ಕಾಗದ ಎಲ್ಲಾ ಮುಗಿಯೋಕೆ ಹನ್ನೊಂದು ತಿಂಗಳು ಹಿಡಿಯಿತು. ಕೆಲಸಕ್ಕೆ ಸೇರಿ ಒಂದೂವರೆ ವರ್ಷಕ್ಕೆ ಮತ್ತೆ ಪೋಸ್ಟಿಂಗ್. ಆಮೇಲೆ ನಾನು ಕೈಬಿಟ್ಟೆ. ಹನ್ನೆರಡು ವರ್ಷದಲ್ಲಿ ನಾನು ಸಂಬಳ ತಂದದ್ದು ಬರೀ ಆ ಹದಿನೆಂಟು ತಿಂಗಳು. ನಮ್ಮ ಬ್ಲಾಕಿನಲ್ಲೇ ಎಣಿಸಿದರೆ ಇಬ್ಬರು ಬಿ.ಎಡ್. ಆದವರಿದ್ದಾರೆ, ಒಬ್ಬರು ಲ್ಯಾಬ್ ಟೆಕ್ನಿಷಿಯನ್, ಒಬ್ಬರು ಎಂ.ಕಾಂ. ಎಲ್ಲರೂ ಮನೆಯಲ್ಲೇ.

ಆಫ್ವಾ, ಅಂದರೆ ವಾಯುಪಡೆಯ ಸಂಸಾರಗಳ ಕಲ್ಯಾಣ ಸಂಘದವರು ನಮಗೆ ಹೊಲಿಗೆ ಕ್ಲಾಸು ಮಾಡುತ್ತಾರೆ, ಬೇಕರಿ ಕ್ಲಾಸು ಮಾಡುತ್ತಾರೆ. ನಾನು ಎರಡಕ್ಕೂ ಹೋಗಿದ್ದೇನೆ, ನಡೆಸಿದವರ ಶ್ರಮ ನೋಡಿದ್ದೇನೆ, ಕೃತಜ್ಞತೆ ಇದೆ. ಆದರೆ ಹೆರಿಗೆ ಮಾಡಿಸಲು ಬರುವ ಕೈಗೆ ಕೇಕು ಮಾಡುವುದನ್ನು ಕಲಿಸುವುದಕ್ಕಿಂತ, ಆ ಕೈಗೆ ಅದರ ಕೆಲಸವನ್ನೇ ಕೊಡುವ ದಾರಿ ಹುಡುಕಬೇಕು ಅನಿಸುತ್ತದೆ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಇಂಥ ಸಭೆಗಳಲ್ಲಿ ಗಂಡಂದಿರ ರ‍್ಯಾಂಕು ಹೆಂಡತಿಯರ ಕುರ್ಚಿಗೂ ಅಂಟಿಕೊಂಡು ಬರುತ್ತದೆ. ಮುಂದಿನ ಸಾಲು ಯಾರದ್ದು ಅಂತ ಯಾರೂ ಹೇಳುವುದಿಲ್ಲ, ಆದರೂ ನಮಗೆಲ್ಲಾ ಗೊತ್ತಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತವಳು ಎದ್ದು ನಿಂತು, ನಮ್ಮ ಬ್ಲಾಕಿನಲ್ಲಿ ಮೂರು ದಿನದಿಂದ ನೀರಿಲ್ಲ ಅಂತ ಹೇಳುವುದು ಸುಲಭ ಅಲ್ಲ. ನಾನು ಹೇಳೋಣ ಅಂತ ಎದ್ದು, ಎಲ್ಲರೂ ತಿರುಗಿ ನೋಡಿದಾಗ, ಟೀ ಚೆನ್ನಾಗಿತ್ತು ಅಂತ ಹೇಳಿ ಕೂತಿದ್ದೇನೆ.

2025ರ ಮೇ ತಿಂಗಳ ವಿಷಯ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ನಮ್ಮ ಮನೆಯವರು ಪಶ್ಚಿಮ ಗಡಿಯ ಹತ್ತಿರದ ನೆಲೆಯಲ್ಲಿ. ಮೇ 7ರ ಬೆಳಿಗ್ಗೆ ಆಪರೇಷನ್ ಸಿಂಧೂರದ ಸುದ್ದಿ ಬಂತು. ಅಲ್ಲಿಂದ 10ನೇ ತಾರೀಖಿನ ಸಂಜೆ ಗುಂಡಿನ ಸದ್ದು ನಿಲ್ಲಿಸುವ ಮಾತಾಗುವವರೆಗೆ ಅವರ ಫೋನು ಎರಡೇ ಸಲ ಬಂದದ್ದು. ಎರಡು ಸಲವೂ ಒಂದೇ ಮಾತು, "ಚೆನ್ನಾಗಿದೀನಿ, ಊಟ ಮಾಡಿ." ಊರಲ್ಲಿ ಮನೆ ಮನೆಯ ಟಿವಿಯಲ್ಲೂ ಅದೇ ಕೂಗು. ನಮ್ಮ ಮಾವ ಎದ್ದು ಹೋಗಿ ಟಿವಿಯ ವೈರು ಕಿತ್ತಿಟ್ಟರು. ರಾತ್ರಿ ಜಗಲಿಯಲ್ಲಿ ಕೂತೆವು, ಯಾರೂ ಮಾತಾಡಲಿಲ್ಲ. ಆ ಹೊತ್ತಿಗೆ ಪಶ್ಚಿಮದ ಊರುಗಳಲ್ಲೆಲ್ಲಾ ದೀಪ ಆರಿಸಿದ್ದರು. ನಮ್ಮ ಕ್ಯಾಂಪಿನಲ್ಲೇ ಉಳಿದಿದ್ದ ಅಕ್ಕಂದಿರು ಕತ್ತಲಲ್ಲಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನನಗೆ ಮೆಸೇಜು ಹಾಕಿದ್ದರು, ಇಲ್ಲಿ ಎಲ್ಲಾ ಸರಿ ಇದೆ ಅಂತ.

ಸಮವಸ್ತ್ರ ಹಾಕದವರೂ ಈ ಕೆಲಸದಲ್ಲಿ ಜೀವ ಕೊಟ್ಟಿದ್ದಾರೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಾರ್ ನಿಕೋಬಾರ್ ನೆಲೆಯಲ್ಲಿ ನೂರಕ್ಕೂ ಹೆಚ್ಚು ಜನ ವಾಯುಪಡೆಯವರು ಮತ್ತು ಅವರ ಮನೆಯವರು ಹೋದರು. ಭಾನುವಾರ ಬೆಳಿಗ್ಗೆ. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್ ಬ್ಲೇರಿಗೆ ಹೊರಟ ಎಎನ್-32 ವಿಮಾನದಲ್ಲಿ 29 ಜನ ಇದ್ದರು. ಅದರ ಅವಶೇಷ ಸಮುದ್ರದ ತಳದಲ್ಲಿ ಗುರುತು ಸಿಕ್ಕಿತು ಅಂತ ಗೊತ್ತಾದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಅವರ ಮನೆಗಳಲ್ಲಿ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂಥ ಮನೆಗಳಿಂದ ಬಂದ ಮಾತಿದು ಸರ್, ಮನೆಬಾಡಿಗೆಯ ಜಗಳ ಅಂದುಕೊಳ್ಳಬೇಡಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಿದರೆ ತಪ್ಪಾಗುತ್ತದೆ. ಮೂರೂ ಸೇನೆಗಳ ಸಂಸಾರಗಳಿಗೆ ಸುಮಾರು 2 ಲಕ್ಷ ಮನೆ ಕಟ್ಟುವ ಯೋಜನೆ 2002ರ ಹೊತ್ತಿಗೆ ಶುರುವಾಗಿ ಹಂತ ಹಂತವಾಗಿ ನಡೆಯಿತು. ನಾವು ಈಗಿರುವ ಮನೆ ಹೊಸದು, ಎರಡು ರೂಮು, ಹಿಂದೆ ಬಟ್ಟೆ ಒಣಗಿಸೋಕೆ ಬಾಲ್ಕನಿ. ಬೀಗದ ಕೈ ಸಿಕ್ಕ ದಿನ ನಾನು ಹಾಲುಕ್ಕಿಸಿದೆ. ಕ್ಯಾಂಟೀನ್ ಇದೆ, ಆಸ್ಪತ್ರೆ ಇದೆ, ಸಂಜೆ ಮಕ್ಕಳು ಆಡೋಕೆ ಭಯವಿಲ್ಲದ ಮೈದಾನ ಇದೆ. ಸಂಬಳದ ಜೊತೆ ಮಿಲಿಟರಿ ಸರ್ವಿಸ್ ಪೇ ಅಂತ ಏರ್‌ಮೆನ್‌ಗೆ ತಿಂಗಳಿಗೆ 5,200 ರೂಪಾಯಿ ಬರುತ್ತದೆ. ವರ್ಷಕ್ಕೆ 60 ದಿನ ಆನ್ಯುಯಲ್ ರಜೆ ಪುಸ್ತಕದಲ್ಲಿದೆ, ಪೂರ್ತಿ ಸಿಕ್ಕ ವರ್ಷಗಳೂ ಇವೆ. ಮನೆ ಇಲ್ಲ ಅನ್ನುವುದಕ್ಕಿಂತ, ಮನೆ, ಶಾಲೆ, ಆರ್ಡರ್ ಈ ಮೂರೂ ಒಂದಕ್ಕೊಂದು ಮಾತಾಡಿಕೊಳ್ಳುವುದಿಲ್ಲ ಅನ್ನುವುದೇ ನಮ್ಮ ಕಷ್ಟ. ಆರ್ಡರ್ ಹೊರಡಿಸುವವರು ದೆಹಲಿಯಲ್ಲಿ. ಮನೆ ಹಂಚುವವರು ಹೊಸ ಸ್ಟೇಷನ್ನಿನಲ್ಲಿ. ಸೀಟು ಕೊಡುವವರು ಶಾಲೆಯಲ್ಲಿ. ಮೂವರ ಮಧ್ಯೆ ಓಡಾಡುವುದು, ಡ್ಯೂಟಿ ಮುಗಿಸಿ ಬಂದ ಒಬ್ಬ ಸಾರ್ಜೆಂಟ್.

ಹಾಗಾಗಿ ನಾನು ಕೇಳುವುದು ಇಷ್ಟು. ತುರ್ತಿಲ್ಲದ ಪೋಸ್ಟಿಂಗುಗಳನ್ನು ಮಾರ್ಚ್ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಕೊನೆಯೊಳಗೆ ಸೇರುವ ಹಾಗೆ ಕೊಡಿ. ಶಾಲೆಗೆ ಹೋಗುವ ಮಗು ಇರುವ ಯಾರಿಗೇ ಆಗಲಿ, ಹತ್ತನೇ ಕ್ಲಾಸೇ ಇರಬೇಕು ಅಂತಿಲ್ಲದೆ, ಹೊಸ ಊರಲ್ಲಿ ಬೀಗದ ಕೈ ಸಿಗುವವರೆಗೆ ಹಳೇ ಮನೆ ಬಿಡಿಸಬೇಡಿ. ಅದಾಗದಿದ್ದರೆ ಆ ಕೆಲವು ತಿಂಗಳಿಗೆ ಮಾತ್ರ ಇರೋಕೆ ಪ್ರತಿ ನೆಲೆಯಲ್ಲೂ ಎಂಟೋ ಹತ್ತೋ ಮನೆಗಳನ್ನು ಖಾಲಿ ಇಟ್ಟಿರಿ. ದೇಶಕ್ಕೆ ಯುದ್ಧ ಬಂದರೆ ನಾಳೆಯೇ ಹೊರಡಿ ಅನ್ನಿ, ಹೊರಡುತ್ತೇವೆ, ಯಾರೂ ಬಾಯಿ ಬಿಡುವುದಿಲ್ಲ. ಯುದ್ಧವಿಲ್ಲದ ಆಗಸ್ಟ್ ತಿಂಗಳಲ್ಲಿ ಯಾಕೆ?

ಓದಿದ ಹೆಂಡತಿಯರ ಒಂದು ಪಟ್ಟಿ ಪ್ರತಿ ಸ್ಟೇಷನ್ನಿನಲ್ಲೂ ಇರಲಿ. ಕ್ಯಾಂಪಿನೊಳಗಿನ ಶಾಲೆ, ಆಸ್ಪತ್ರೆಗಳಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಖಾಲಿಯಾದಾಗ ಮೊದಲು ಆ ಪಟ್ಟಿ ನೋಡಲಿ. ಸೈನಿಕರ ಹೆಂಡತಿಯಾದ ನರ್ಸ್ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಾಗ ರಿಜಿಸ್ಟ್ರೇಶನ್ ಒಂದು ತಿಂಗಳೊಳಗೆ ಆಗುವ ಹಾಗೆ ಸಂಬಂಧಪಟ್ಟವರ ಜೊತೆ ನೀವು ಮಾತಾಡಿದರೆ ನಡೆಯುತ್ತದೆ. ನಾವು ಬರೆದ ಅರ್ಜಿಗೆ ಉತ್ತರ ಬರುವುದಿಲ್ಲ, ನೀವು ಬರೆದರೆ ಬರುತ್ತದೆ.

ನಮ್ಮ ರಾಜ್ಯ ಸರ್ಕಾರಕ್ಕೂ ಎರಡು ಮಾತು. 2028ಕ್ಕೆ ನಮ್ಮ ಮನೆಯವರ 20 ವರ್ಷ ಮುಗಿಯುತ್ತದೆ. ಆಗ ಅವರಿಗೆ ನಲವತ್ತು, ಮಗಳು ಒಂಬತ್ತನೇ ಕ್ಲಾಸು. ನಾವು ವಾಪಸ್ಸು ಬರುವುದು ಇಲ್ಲಿಗೇ. ಜಾಲಹಳ್ಳಿ, ಎಂ.ಎಸ್. ಪಾಳ್ಯ, ವಿದ್ಯಾರಣ್ಯಪುರದ ಕಡೆ ಹೋಗಿ ನೋಡಿ, ರಿಟೈರ್ ಆದ ಏರ್‌ಮೆನ್ ಮನೆಗಳು ಎಷ್ಟಿವೆ ಅಂತ. ಸಿಇಟಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವುದು ಸಾಮಾನ್ಯ ನಿಯಮ. ಸೈನಿಕರ ಮಕ್ಕಳಿಗೆ ಬೇರೆ ದಾರಿ ಇಟ್ಟಿದ್ದೀರಿ, ಅದಕ್ಕೆ ಧನ್ಯವಾದ. ಆದರೆ ಅದಕ್ಕೆ ಬೇಕಾದ ಸರ್ಟಿಫಿಕೇಟುಗಳು ಯಾವುವು, ಯಾರ ಸಹಿ ಬೇಕು ಅನ್ನುವುದನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಎಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲೂ ಅಂಟಿಸಿ. ಗಡಿಯಲ್ಲಿರುವ ಮಗನ ಪರವಾಗಿ ಕಾಗದ ಹಿಡಿದು ಅಲೆಯುವವರು ಊರಲ್ಲಿರುವ ವಯಸ್ಸಾದ ಅಪ್ಪ ಅಮ್ಮ.

ಮತ್ತೆ ನಮ್ಮ ಮಕ್ಕಳ ಕನ್ನಡ. ನಮ್ಮತ್ತೆ ಕೊಬ್ಬರಿ, ಹುಣಸೆಹಣ್ಣು ಕಳಿಸುವಾಗ ಕನ್ನಡ ಪೇಪರಿನಲ್ಲಿ ಸುತ್ತಿ ಕಳಿಸುತ್ತಾರೆ. ಆ ಪೇಪರನ್ನು ನೆಲದ ಮೇಲೆ ಹರವಿ, ಕೈಯಲ್ಲಿ ಉಜ್ಜಿ ಸುಕ್ಕು ತೆಗೆದು, ಮಗಳಿಗೆ ಒಂದೊಂದೇ ಅಕ್ಷರ ಕಲಿಸಿದ್ದೇನೆ. ಈಗ ದೊಡ್ಡ ಅಕ್ಷರದ ತಲೆಬರಹ ಓದುತ್ತಾಳೆ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ಹೊರರಾಜ್ಯದಲ್ಲಿರುವ ಸೈನಿಕರ ಮಕ್ಕಳಿಗೆ ಫೋನಿನಲ್ಲೇ ಕಲಿಯುವ ಹಾಗೆ ಒಂದು ಕನ್ನಡ ಕ್ಲಾಸು, ಕೊನೆಯಲ್ಲಿ ಒಂದು ಪರೀಕ್ಷೆ, ಒಂದು ಸರ್ಟಿಫಿಕೇಟು ಕೊಟ್ಟರೆ ಎಷ್ಟು ಚೆನ್ನ. ಅವಳು ವಾಪಸ್ಸು ಬಂದಾಗ ತನ್ನ ಊರಿನ ಬಸ್ಸಿನ ಬೋರ್ಡು ಓದೋಕೆ ಬೇರೆಯವರನ್ನು ಕೇಳಬಾರದು.

ಈ ಪತ್ರ ಇವತ್ತೇ ಬರೆಯೋಕೆ ಒಂದು ಕಾರಣ ಇದೆ ಸರ್. ನಮ್ಮ ಪಕ್ಕದ ಮನೆಯ ಕಾರ್ಪೊರಲ್‌ಗೆ ಹೋದ ವಾರ ಪೋಸ್ಟಿಂಗ್ ಬಂತು. ಹೆಂಡತಿ ತೆಲುಗು ಹುಡುಗಿ, ಮೊದಲ ಸಲ ಬಸುರಿ, ಏಳು ತಿಂಗಳು. ಹೊಸ ಊರಲ್ಲಿ ಮನೆ ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲ. ನಿನ್ನೆ ಸಂಜೆ ನಮ್ಮ ಬಾಗಿಲಿಗೆ ಬಂದು, ಟ್ರಂಕಿನ ಮೇಲೆ ಊರ ಹೆಸರು ಬರೆಯೋಕೆ ಬಿಳಿ ಪೇಂಟ್ ಉಳಿದಿದೆಯಾ ದೀದಿ ಅಂತ ಕೇಳಿದಳು. ಡಬ್ಬಿಯಲ್ಲಿ ಸ್ವಲ್ಪ ಇತ್ತು. ಬ್ರಷ್ ಜೊತೆ ಕೊಟ್ಟೆ. ಅವಳಿಗೆ ಬಗ್ಗೋಕೆ ಆಗುವುದಿಲ್ಲ ಅಂತ ನಮ್ಮ ಮಗಳು ಹೋಗಿ ಬರೆದು ಬಂದಳು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸಾರ್ಜೆಂಟ್‌ನ ಹೆಂಡತಿ
ಹಾಸನ ಜಿಲ್ಲೆ